ಆಪರೇಟರ್ ಆಡಿದ ಹಾಳು ನೆಲದ ಆಟ

ನನ್ನ ಜೆರಾಕ್ಸ್ ಅಂಗಡಿಗೆ ಮೂರು ಮೆಟ್ಟಿಲು. ಆಪರೇಟರ್ ಅವನ್ನು ಎಲ್ಲರ ಹಾಗೆ ಹತ್ತುತ್ತಿದ್ದರು, ಎಲ್ಲರ ಹಾಗೆ ಇಳಿಯುತ್ತಿರಲಿಲ್ಲ. ಹೊರಡುವಾಗ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಅಂಗಡಿಯ ಕಡೆಗೇ ಇಟ್ಟು, ಬೆನ್ನನ್ನು ರಸ್ತೆಗೆ ಮಾಡಿ, ಒಂದೊಂದೇ ಕಾಲನ್ನು ಹಿಂದಕ್ಕೆ ಇಳಿಬಿಟ್ಟು ಮೆಟ್ಟಿಲು ತಡವುತ್ತಿದ್ದರು. ಮಂಡಿನೋವಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಗಣಿಯಲ್ಲಿ ನೆಲ ಅಗೆಯುವ ದೊಡ್ಡ ಯಂತ್ರದ ಕ್ಯಾಬಿನ್ನಿನಿಂದ ಅರ್ಧ ಆಯುಷ್ಯ ಹಾಗೆಯೇ ಇಳಿದವರು ಅವರು. ಗಣಿ ನಿಂತು ವರ್ಷಗಳಾಗಿದ್ದರೂ ಕಾಲು ಆ ಅಭ್ಯಾಸ ಬಿಟ್ಟಿರಲಿಲ್ಲ.

ಊರಿಗೆಲ್ಲ ಅವರು ಆಪರೇಟರ್. ಆಧಾರ್ ಕಾರ್ಡಿನ ಪ್ರತಿ ತೆಗೆಯುವಾಗ ಅವರ ಹೆಸರು ಓದಿದ್ದೆ, ಆದರೆ ಆ ಹೆಸರು ನನ್ನ ಬಾಯಿಗೆ ಯಾವತ್ತೂ ಬರಲಿಲ್ಲ. ನಾನು ಅಣ್ಣ ಅನ್ನುತ್ತಿದ್ದೆ.

ತುರುವೇಕೆರೆಯ ಗಂಡನ ಮನೆ ಬಿಟ್ಟು ಬಂದು, ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಯ ಹಿಂದಿನ ರಸ್ತೆಯಲ್ಲಿ ನಾನು ಅಂಗಡಿ ಇಟ್ಟ ವರ್ಷ ಅದು. ಬಂದವರೆಲ್ಲ ಪಹಣಿಯ ಜೊತೆಗೆ ಒಂದು ಪ್ರಶ್ನೆಯನ್ನೂ ತರುತ್ತಿದ್ದರು. ಯಾಕೆ ಬಂದುಬಿಟ್ಟೆ, ಏನಾಯಿತು, ರಾಜಿ ಮಾಡಿಕೊಳ್ಳಬಾರದಾ. ಆಪರೇಟರ್ ಒಬ್ಬರೇ ಕೇಳಲಿಲ್ಲ. ಮೊದಲ ಮುಂಗಾರಿನಲ್ಲಿ ಹಿಂಬಾಗಿಲಿನಿಂದ ನೀರು ನುಗ್ಗಿ ಕಾಗದದ ಬಂಡಲುಗಳೆಲ್ಲ ನೆನೆದಾಗ, ಯಾವುದೋ ಪ್ರತಿ ತೆಗೆಸಲು ಬಂದವರು ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ಹೋದರು. ಮಳೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ನೆಲ ನೋಡಿದರು. ಆಮೇಲೆ ಪಕ್ಕದವರ ಗುದ್ದಲಿ ತಂದು ಗೇಣಗಲದ ಒಂದು ಕಾಲುವೆ ಎಳೆದರು. ನೀರು ಬರುತ್ತಿದ್ದದ್ದೇ ಆ ಕಡೆಯಿಂದ, ಅತ್ತಲೇ ಅಗೆಯುತ್ತಿದ್ದಾರಲ್ಲ ಎಂದು ನನಗೆ ಗಾಬರಿಯಾಯಿತು. ನೋಡನೋಡುತ್ತ ನೀರು ಓರೆಯಾಗಿ ತಿರುಗಿ ಮೋರಿಗೆ ಸೇರಿತು.

"ನೀರಿಗೆ ಅಡ್ಡ ಕಟ್ಟಬಾರದು ಕಣವ್ವ, ದಾರಿ ಬುಡ್ಬೇಕು. ದಾರಿ ಸಿಕ್ರೆ ಅದು ಯಾರ ತಂಟೆಗೂ ಬರಾಕಿಲ್ಲ" ಅಂದರು.

ಅವತ್ತಿನಿಂದ ಅವರಿಗೆ ಅಂಗಡಿಯಲ್ಲಿ ಒಂದು ಕುರ್ಚಿ ಖಾಯಂ ಆಯಿತು. ಮಧ್ಯಾಹ್ನ ಕಚೇರಿಯವರು ಊಟಕ್ಕೆ ಎದ್ದ ಹೊತ್ತಿಗೆ ಬರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಂಗಿ ಜೇಬಿನಲ್ಲಿ ಕೊಬ್ಬರಿಯ ಒಂದು ಹೋಳು, ಬೆಲ್ಲದ ಒಂದು ಚೂರು ಯಾವಾಗಲೂ ಇರುತ್ತಿತ್ತು. ಮಾತಿಗಿಂತ ಅಗಿಯುವ ಸದ್ದೇ ಹೆಚ್ಚು.

ಆ ಹೊತ್ತಿನಲ್ಲಿ ಗಿರಾಕಿ ಇರುತ್ತಿರಲಿಲ್ಲವಾದ್ದರಿಂದ ನಾನು ಎರಡನೇ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆ. ಬಂದೂಕು, ಓಟ ಏನೂ ಇಲ್ಲದ ಆಟ. ಪರದೆಯ ಮೇಲೆ ಒಣಗಿ ಬಿರಿದ ಕಂದು ನೆಲ ಬರುತ್ತದೆ. ಬತ್ತಿದ ಹೊಳೆ, ಬೋಳು ಗುಡ್ಡ. ಗಾಳಿಯಂತ್ರ, ನೀರೆತ್ತುವ ಯಂತ್ರ, ಮಣ್ಣು ತೊಳೆಯುವ ಯಂತ್ರಗಳನ್ನು ಒಂದೊಂದಾಗಿ ಇಟ್ಟು, ಲೆಕ್ಕಾಚಾರ ಹಾಕಿ ನೆಲವನ್ನು ಬದುಕಿಸಬೇಕು. ಮೊದಲು ಹುಲ್ಲು, ಆಮೇಲೆ ಪೊದೆ. ಪೊದೆಯನ್ನು ಸುಟ್ಟು ಬೂದಿ ಮಾಡಿದರೆ ಅದರ ಮೇಲೆ ಕಾಡು. ಕಡೆಗೆ ಜಿಂಕೆ, ಹಕ್ಕಿ. ಎಲ್ಲ ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ, ಒಂದು ಮೊಳೆಯೂ ಉಳಿಯದ ಹಾಗೆ ತುಂಬಿಕೊಂಡು ಹೊರಟುಹೋಗಬೇಕು. ಆಗಲೇ ಗೆದ್ದ ಹಾಗೆ.

ಒಂದು ದಿನ ಅವರು ಕುರ್ಚಿಯಿಂದ ಎದ್ದು ಬಂದು ನನ್ನ ಹಿಂದೆ ನಿಂತರು. ಅಗಿಯುವುದು ನಿಂತಿತು.

"ಇದೇನವ್ವ, ನಮ್ ಗುಡ್ಡದ ಫೋಟೋ ನಿನ್ ತಾವ ಹೆಂಗೆ ಬಂತು?"

"ಫೋಟೋ ಅಲ್ಲ ಅಣ್ಣ, ಆಟ."

"ಏನು ಮಾಡ್ಬೇಕು ಇದ್ರಾಗೆ?"

"ಹಾಳಾದ ನೆಲಾನ ಸರಿ ಮಾಡ್ಬೇಕು."

ಗೇಲಿ ಮಾಡುತ್ತಿದ್ದೇನೆಯೇ ಎಂದು ಅವರು ನನ್ನ ಮುಖವನ್ನು ಬಗ್ಗಿ ನೋಡಿದರು. ಆಮೇಲೆ ಪರದೆಯ ಮೂಲೆಮೂಲೆಯನ್ನೂ ಹುಡುಕಿದರು.

"ಜನ ಎಲ್ಲವ್ರೆ?"

"ಇದ್ರಲ್ಲಿ ಜನ ಇಲ್ಲ."

"ಊರು?"

"ಇಲ್ಲ."

"ಹಂಗಾರೆ ಹಾಳು ಮಾಡ್ದೋರು ಯಾರು?"

ಅದನ್ನು ಆಟ ಹೇಳುವುದಿಲ್ಲ. ಎಷ್ಟೋ ತಿಂಗಳಿಂದ ಆಡುತ್ತಿದ್ದರೂ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಗೊತ್ತಿಲ್ಲ ಅಂದೆ. "ಗೊತ್ತಿಲ್ದೆ ಸರಿ ಮಾಡಾದು ಹೆಂಗೆ?" ಎನ್ನುತ್ತ ಅವರು ಹೊರಟರು. ಮಾರನೆಯ ದಿನ ಅರ್ಧ ಗಂಟೆ ಮುಂಚೆಯೇ ಬಂದು, "ಒಸಿ ನಂಗೂ ತೋರ್ಸವ್ವ" ಅಂದರು.

ಮೌಸನ್ನು ಯಂತ್ರದ ಗೇರಿನ ಹಿಡಿಯ ಹಾಗೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಒಂದು ವಾರ ಎಲ್ಲ ಎಡವಟ್ಟು. ಗುಡ್ಡದ ನೆತ್ತಿಯಲ್ಲಿ ನೀರೆತ್ತುವ ಯಂತ್ರ ಇಟ್ಟು, "ಇಲ್ಲಿ ನೀರಿಲ್ಲ ಅಂತ ನಂಗೂ ಗೊತ್ತು, ಕೈ ಜಾರ್ತು" ಅನ್ನುವರು. ಆದರೆ ಕಾಲುವೆ ತೋಡುವ ಹಂತ ಬಂದಾಗ ನಾನು ಬೆರಗಾದೆ. ನಾನು ಹತ್ತು ಯಂತ್ರ ಇಟ್ಟು ಹರಿಸುತ್ತಿದ್ದ ಹೊಳೆಯನ್ನು ಅವರು ಮೂರರಲ್ಲಿ ಹರಿಸಿದರು. ನೆಲದ ಇಳಿಜಾರು ಅವರ ಕಣ್ಣಿಗೆ ತಾನಾಗಿ ಕಾಣುತ್ತಿತ್ತು. ನಾನು ತಿಂಗಳುಗಟ್ಟಲೆ ಸೋತಿದ್ದ ಒಂದು ನೆಲವನ್ನು ಒಂದೇ ಮಧ್ಯಾಹ್ನದಲ್ಲಿ ಹಸಿರು ಮಾಡಿ, ಅದರ ಮೇಲೆ ಜಿಂಕೆ ಓಡಿದಾಗ ಕುರ್ಚಿಯ ಕೈಗೆ ಪಟಾರನೆ ಹೊಡೆದರು.

ಯಂತ್ರ ಬಿಚ್ಚಿಕೊಂಡು ಹೊರಡುವ ಕೊನೆಯ ಹಂತ ಮಾತ್ರ ಅವರಿಗೆ ಒಗ್ಗಲೇ ಇಲ್ಲ. ಎಲ್ಲವನ್ನೂ ತೆಗೆದು ಒಂದೇ ಒಂದು ನೀರಿನ ಯಂತ್ರ ಉಳಿಸುತ್ತಿದ್ದರು. ಹಾಗೆ ಉಳಿಸಿದರೆ ಆಟ ಮುಗಿಯುವುದಿಲ್ಲ.

"ಅದನ್ನೂ ತೆಗೀರಿ ಅಣ್ಣ, ಗೆದ್ದಂಗೆ."

"ಇರ್ಲಿ ಬುಡು. ನಾಳೆ ಏನಾರ ಆದ್ರೆ ಯಾರು ನೋಡಾದು?"

ಹೀಗೆ ಅವರು ಆಡಿದ ಒಂದು ನೆಲವೂ ಲೆಕ್ಕದಲ್ಲಿ ಪೂರ್ತಿಯಾಗಲಿಲ್ಲ.

ಪಕ್ಕದಲ್ಲಿ ಪತ್ರ ಬರೆಯುವವರೊಬ್ಬರು ಕೂರುತ್ತಿದ್ದರು. ಒಂದು ದಿನ ಸ್ಟ್ಯಾಂಪ್ ಪೇಪರಿನ ಪ್ರತಿಗೆ ಬಂದವರು ಇವರನ್ನು ನೋಡಿ, "ಏನ್ ಆಪರೇಟ್ರೇ, ಗುಡ್ಡ ಬಗ್ದಿದ್ದು ಸಾಲ್ದು ಅಂತ ಇಲ್ಲೂ ಬಗೀತಿದ್ದೀರಾ?" ಅಂದರು. ತಮಾಷೆಗೇ ಅಂದದ್ದು. ಆಪರೇಟರ್ ಕೂಡ ನಕ್ಕರು. ಆದರೆ ಎರಡು ದಿನ ಅಂಗಡಿ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಬಂದಾಗ ಕರೆಂಟ್ ಇರಲಿಲ್ಲ. ಕಪ್ಪು ಪರದೆಯ ಮುಂದೆ ಕೂತು, ನಾನು ಕೇಳದೆಯೇ ಹೇಳತೊಡಗಿದರು.

ಗಣಿಗೆಂದು ಗುಡ್ಡ ತೆರೆದಾಗ ಯಂತ್ರದ ಮೊದಲ ಬಕೆಟ್ ಹಾಕಿದವರೇ ಅವರು. ಮೇಲಿನ ಮಣ್ಣು, ಹುಲ್ಲು ಹಿಡಿದಿದ್ದ ಕಪ್ಪು ಮಣ್ಣು, ಮೊಳದುದ್ದವೂ ಇರಲಿಲ್ಲವಂತೆ. ಅದನ್ನು ಬೇರೆ ಇಡಿ ಎಂದು ಗಣಿಯವರು ಹೇಳಿದ್ದರು, ಇಡಲು ಜಾಗ ತೋರಿಸಲಿಲ್ಲ. ಅದು ಅಡಿಗೆ ಹೋಯಿತು, ಅದರ ಮೇಲೆ ಬೇಡದ ಕೆಂಪು ಮಣ್ಣಿನ ರಾಶಿ ಬಿತ್ತು. ರಾಶಿಯೇ ಒಂದು ಗುಡ್ಡವಾಯಿತು. ಒಂದು ದೊಡ್ಡ ಮಳೆಗೆ ಅದು ಕರಗಿ ಕೆಳಗೆ ಹರಿದು, ಗುಡ್ಡದ ಬುಡದಲ್ಲಿದ್ದ ಹೊಲವೊಂದರ ಮೇಲೆ ಮೊಣಕಾಲುದ್ದ ಹೂಳು ಕೂತಿತು. ರಾಗಿ ತೆನೆ ಕಟ್ಟಿದ್ದ ಆ ಹೊಲ ಅವರ ಸ್ವಂತ ಅಕ್ಕನದು.

"ಮಾರನೆ ದಿನ ಅಕ್ಕ ಬುತ್ತಿ ತಗಂಡು ಗುಡ್ಡಕ್ಕೆ ಬಂದ್ಲು. ದಿನಾ ತರ್ತಿದ್ಲು. ಮುದ್ದೆ, ಹುಳ್ಳಿ ಸಾರು. ಬೈತಾಳೆ ಅಂತ ನಾನು ತಲೆ ಬಗ್ಗಿಸ್ಕಂಡು ಕುಂತೆ. ಹೊಲ ಹೋಯ್ತು ಕಣಪ್ಪ ಅಂದ್ಲು. ಅಷ್ಟೇಯ. ಇನ್ನೊಂದು ಸೌಟು ಸಾರು ಬುಟ್ಲು."

"ಆಮೇಲೆ?"

"ಆಮೇಲೇನು. ನಾನು ಉಂಡು ಎದ್ದು ಮಿಷಿನ್ ಹತ್ತಿದೆ. ಅವ್ಳು ಅವರಿವರ ತ್ವಾಟಕ್ಕೆ ಕಾಯಿ ಆಯಾಕೆ ಹೋದ್ಲು. ಇವತ್ತಿಗೂ ಆ ಮಾತು ಎತ್ತಿಲ್ಲ. ಬೈದಿದ್ರೆ ಅವ್ಳ ಮನಸ್ನಾಗೆ ಏನೈತೆ ಅಂತ ಗೊತ್ತಾಗಾದು ಕಣವ್ವ."

ಪಶ್ಚಾತ್ತಾಪದಿಂದ ಈ ಆಟಕ್ಕೆ ಅಂಟಿಕೊಂಡಿದ್ದಾರೆ ಎಂದು ನಾನು ಆ ಕ್ಷಣದಲ್ಲಿ ತೀರ್ಮಾನಿಸಿಬಿಟ್ಟೆ. ಆದರೆ ಕರೆಂಟ್ ಬಂದು ಫ್ಯಾನ್ ತಿರುಗತೊಡಗಿದಾಗ ಅವರು ಅದೇ ಗುಡ್ಡದ ಮಾತನ್ನು ಬೇರೆ ದನಿಯಲ್ಲಿ ಶುರು ಮಾಡಿದರು. "ನಾನು ಮೆಟ್ಟಿಲು ಮೆಟ್ಟಿಲಾಗಿ ಕಡ್ದಿದ್ದು ನೋಡ್ಬೇಕಿತ್ತು ನೀನು. ಬೆಣ್ಣೆ ಕುಯ್ದಂಗೆ. ಇಂಜಿನಿಯರು ದಾರ ಹಿಡ್ದು ನೋಡಿ ಒಂದು ಬೆರಳು ಆಚೀಚೆ ಇಲ್ಲ ಅಂದ್ರು!" ಕಣ್ಣು ಹೊಳೆಯುತ್ತಿತ್ತು. ಈ ಎರಡು ಮಾತನ್ನು ಒಬ್ಬರೇ ಮನುಷ್ಯ ಒಂದೇ ಮಧ್ಯಾಹ್ನ ಹೇಗೆ ಆಡಿದರು? ನನ್ನ ತೀರ್ಮಾನ ಅಲ್ಲಿಗೇ ಕೆಟ್ಟುಹೋಯಿತು.

ಯುಗಾದಿಗೆ ಇನ್ನೂ ಕೆಲವು ವಾರ ಇದ್ದಾಗ ಒಂದು ದಿನ, "ನಾಳೆಯಿಂದ ಬರಾಕಿಲ್ಲ ಕಣವ್ವ, ಕೆಲ್ಸ ಐತೆ" ಅಂದರು. ಏನು ಕೆಲಸ ಎಂದು ಕೇಳಿದರೆ ನಕ್ಕರು. ಅವರನ್ನು ಅಷ್ಟು ಹುರುಪಿನಲ್ಲಿ ನಾನು ನೋಡಿರಲಿಲ್ಲ.

ಐದನೆಯ ದಿನ ಬಂದರು. ಒಳಗೆ ಬರದೆ ಮೆಟ್ಟಿಲ ಮೇಲೇ ಕೂತರು. ಅಂಗಿ, ಪಂಚೆ, ಕಿವಿಯ ಸಂದು ಎಲ್ಲ ಕೆಂಪು ಧೂಳು. ನಾನು ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದೇ ಕೂತರು.

"ಏನಾಯ್ತಣ್ಣ?"

"ಅಕ್ಕನ ಹೊಲ ಸರಿ ಮಾಡ್ದೆ" ಅಂದರು.

ಅಕ್ಕ ಮಗಳ ಬಾಣಂತನಕ್ಕೆಂದು ಹುಳಿಯಾರಿನ ಹತ್ತಿರ ಕೆಂಕೆರೆಗೆ ಹೋಗಿದ್ದರಂತೆ. ವಾಪಸು ಬರುವಷ್ಟರಲ್ಲಿ ಹೊಲ ಮೊದಲಿನಂತೆ ಆಗಿರಬೇಕೆಂದು ಇವರು ಗುರುತಿನವರೊಬ್ಬರ ಜೆಸಿಬಿ ತಂದಿದ್ದರು. ತಾವೇ ಹತ್ತಿದ್ದರು. ಮೊದಲು ನೀರಿಗೆ ದಾರಿ, ಆಮೇಲೆ ಮಣ್ಣು, ಆಟದಲ್ಲಿ ಮಾಡಿದ ಹಾಗೆಯೇ. ಮೇಲೊಂದು ಕಾಲುವೆ ತೋಡಿ, ಹೂಳನ್ನು ಕೆರೆದು ಅಂಚಿಗೆ ಬದುವಾಗಿ ಹಾಕಿದ್ದರು. ಅಡಿಯಲ್ಲಿ ಹಳೆಯ ಹೊಲದ ಮಣ್ಣು ಸಿಕ್ಕಿತು. ಕೆಳಗಿಳಿದು ಒಂದು ಹಿಡಿ ಎತ್ತಿ ಮೂಸಿದರಂತೆ.

"ಅಕ್ಕ ನೆನ್ನೆ ಬಂದ್ಲು. ಬದಿನ ಮ್ಯಾಲೆ ನಿಂತು, ನನ್ನ ಹೊಂಗೆ ಎಲ್ಲೋ ಅಂದ್ಲು."

ಹೂಳಿನ ಮೇಲೆ ಆಳೆತ್ತರದ ಹೊಂಗೆ ಗಿಡಗಳಿದ್ದವು. ಇವರು ಅವನ್ನು ನೋಡಿದ್ದರು. ತಾವಾಗಿ ಹುಟ್ಟಿದವು ಎಂದುಕೊಂಡು ಬುಡಸಮೇತ ಎತ್ತಿ ಹಾಕಿದ್ದರು. ಅವು ತಾವಾಗಿ ಹುಟ್ಟಿದವಲ್ಲ. ರಾಗಿ ಬರದ ಆ ಕೆಮ್ಮಣ್ಣಿನಲ್ಲಿ ಅಕ್ಕ ಹೊಂಗೆ ಬೀಜ ಊರಿ, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಎಬ್ಬಿಸಿದ್ದವು. ತಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೂಳು ಕೂತ ಮೇಲೆ ಅವರು ಆ ಹೊಲದ ಕಡೆ ಕಾಲಿಟ್ಟೇ ಇರಲಿಲ್ಲ.

"ಬೈದ್ಲು ಕಣವ್ವ" ಅಂದರು. "ಊರೋರೆಲ್ಲ ಸೇರೋಗಂಟ ಬೈದ್ಲು. ಮುಂಡೇದೆ, ನಿನ್ನ ಕೈ ಸೇದೋಗ, ಎಲ್ಡು ಸಲ ಹಾಳ್ ಮಾಡಿದ್ಯಲ್ಲೋ ಅಂದ್ಲು. ಅವತ್ತಿಂದೂ ಸೇರ್ಸಿ ಬೈದ್ಲು." ಅವರ ಮುಖ ಅಳುವುದಕ್ಕೂ ನಗುವುದಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. "ಯಾಕೋ ಏನೋ, ಎದೆ ಹಗುರಾಯ್ತು. ಹಗುರಾಗಬಾರದಾಗಿತ್ತು, ಅಲ್ವಾ? ಗಿಡ ಕಿತ್ತು ಹಾಕಿದ್ದೀನಿ, ಹಗುರ ಯಾಕಾಗ್ಬೇಕು?"

ಆಟ ತೋರಿಸಿಕೊಟ್ಟವಳು ನಾನು. ಪೊದೆ ಸುಟ್ಟರೆ ಕಾಡು ಬರುತ್ತದೆ ಎಂದು ಹೇಳಿಕೊಟ್ಟವಳೂ ನಾನೇ. ತಪ್ಪು ನನ್ನದೂ ಇದೆಯೇ ಎಂದು ಕೇಳಬೇಕೆನಿಸಿತು.

"ಆಟದಾಗೆ ಹಾಳು ನೆಲ ಅಂದ್ರೆ ಕಂದು, ಸರಿಯಾದದ್ದು ಅಂದ್ರೆ ಹಸಿರು" ಎಂದು ಅವರೇ ಮುಂದುವರಿಸಿದರು. "ಇಲ್ಲಿ ಆ ಹಾಳು ಮಣ್ಣೇ ಅವ್ಳ ತ್ವಾಟ ಆಗಿತ್ತು. ನಂಗೆ ಹೆಂಗೆ ತಿಳೀಬೇಕು ಹೇಳು?"

"ಅಕ್ಕನ್ನ ಒಂದ್ಮಾತು ಕೇಳ್ಬೋದಿತ್ತಲ್ಲಣ್ಣ."

ಅಷ್ಟು ನೇರವಾಗಿ ಹೇಳಬೇಕೆಂದಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟರು.

"ಹೂಂ. ಕೇಳ್ಬೋದಿತ್ತು" ಅಂದರು. ಇಷ್ಟು ಸುಲಭದ ಉಪಾಯ ಇತ್ತು ಎಂಬುದೇ ಅವರಿಗೆ ಆಶ್ಚರ್ಯವಾದ ಹಾಗಿತ್ತು. ಎದ್ದು ಹೋಗುವಾಗ ಮತ್ತೊಮ್ಮೆ, ತಮಗೆ ತಾವೇ, "ಕೇಳ್ಬೋದಿತ್ತು" ಅಂದುಕೊಂಡರು.

ಆಮೇಲೆ ಅವರು ಆಟ ಆಡಲಿಲ್ಲ. ಬರುತ್ತಿದ್ದರು, ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ಆ ಕಂಪ್ಯೂಟರ್ ಹಾಕಿದರೆ ಮುಖ ಬೀದಿಗೆ ತಿರುಗಿಸುತ್ತಿದ್ದರು. ನಾನೂ ಬಿಟ್ಟೆ. ಮಳೆ ಶುರುವಾಗುವ ಮುಂಚೆ ಒಂದು ದಿನ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹೊಂಗೆ ಸಸಿ ಕೊಡುತ್ತಾರಂತೆ, ಅದಕ್ಕೊಂದು ಅರ್ಜಿ ಬರೆದುಕೊಡು ಅಂದರು. ಎಷ್ಟು ಸಸಿ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು. ಕಿತ್ತ ಗಿಡಗಳನ್ನು ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದರು. "ಹದಿಮೂರು" ಅಂದರು. ಅರ್ಜಿ ಟೈಪ್ ಮಾಡಿದೆ. ಸಹಿ ಹಾಕಿ, ಮಡಚಿ, ಕೊಬ್ಬರಿ ಇರುತ್ತಿದ್ದ ಜೇಬಿಗೆ ಇಟ್ಟುಕೊಂಡು ಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಹದಿನೈದು ದಿನದ ಮೇಲೆ ಪತ್ರ ಬರೆಯುವವರು ಬಂದು, "ಆಪರೇಟ್ರು ಹೋಗ್ಬುಟ್ರಂತೆ ಕಣಮ್ಮ" ಅಂದರು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಮಣ್ಣು ಆಗಿ ಮೂರು ದಿನ ಕಳೆದಿತ್ತು. ಯಾರೂ ನನಗೆ ಹೇಳಿ ಕಳಿಸಿರಲಿಲ್ಲ. ಯಾಕೆ ಹೇಳಿ ಕಳಿಸುತ್ತಾರೆ? ನಾನು ಅವರಿಗೆ ಏನಾಗಬೇಕು? ಅವತ್ತು ಮಧ್ಯಾಹ್ನ ಅಂಗಡಿ ಮುಚ್ಚಲೂ ಆಗದೆ, ಕೂರಲೂ ಆಗದೆ, ಒಂದೇ ಪಹಣಿಯ ಪ್ರತಿಯನ್ನು ಎರಡೆರಡು ಸಲ ತೆಗೆದು ಬೈಸಿಕೊಂಡೆ.

ತಿಂಗಳಾದ ಮೇಲೆ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಆಪರೇಟರ ಆಧಾರ್ ಕಾರ್ಡು, ಮರಣ ಪತ್ರ. ಪ್ರತಿ ತೆಗೆಯುವಾಗ ಅವರು ಒಳಗೆಲ್ಲ ಕಣ್ಣಾಡಿಸಿದರು.

"ನೀನೇ ಏನವ್ವ, ಆಟದ ಅಂಗಡಿಯೋಳು?"

ಇವರೇ ಆ ಅಕ್ಕ ಎಂದು ಆಗ ಗೊತ್ತಾಯಿತು. ಹೌದಮ್ಮ ಅಂದೆ.

"ಏನು ಆಟ ಆಡ್ತಿದ್ದ ಇಲ್ಲಿ?"

"ಹಾಳಾದ ನೆಲ ಸರಿ ಮಾಡೋ ಆಟ."

"ಸರಿ ಮಾಡಿದ್ಮ್ಯಾಲೆ?"

"ಬಿಟ್ಟು ಹೋಗೋದು."

"ಬುಟ್ಟು ಎಲ್ಲಿಗೆ?"

ಅಕ್ಕ ತಮ್ಮ ಇಬ್ಬರೂ ನನಗೆ ಉತ್ತರ ಗೊತ್ತಿಲ್ಲದ್ದನ್ನೇ ಕೇಳುತ್ತಿದ್ದರು. ಕುರ್ಚಿ ಹಾಕಿದೆ, ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಹೇಳಿದರು. "ಸಾಯಾ ಮುಂಚೆ ಒಂದು ವಾರ, ಹದಿಮೂರು ಹೊಂಗೆ ಸಸಿ ತಂದು ನಮ್ಮನೆ ಬಾಗ್ಲಾಗೆ ಇಟ್ಟ. ಅಕ್ಕಾ, ಎಲ್ಲಿ ನೆಡ್ಲಿ ಅಂದ. ಹುಟ್ಟಿದಾಗಿಂದ ಅವ್ನು ನನ್ನ ಏನೂ ಕೇಳ್ದೋನಲ್ಲ ಕಣವ್ವ. ಗಣಿಗೆ ಸೇರ್ದಾಗ್ಲೂ ಕೇಳ್ನಿಲ್ಲ. ಮದ್ವೆ ಆದಾಗ್ಲೂ ಕೇಳ್ನಿಲ್ಲ."

"ನೀವೇನಂದ್ರಿ?"

"ಏನೂ ಅನ್ನಿಲ್ಲ. ಸಿಟ್ಟಿತ್ತು. ಎದ್ದು ಒಳಕ್ಕೋದೆ. ಮಾರನೆ ದಿನಾನೂ ಬಂದು ಕೇಳ್ದ. ಆಗ್ಲೂ ಹೇಳ್ನಿಲ್ಲ. ಇನ್ನೊಂದು ಎಲ್ಡು ದಿನ ಕಾಯ್ಲಿ ಅನ್ಕಂಡೆ." ಸುತ್ತಿದ್ದ ಸೆರಗನ್ನು ಬಿಟ್ಟರು. "ಸಸಿ ಹಂಗೇ ಕವರ್‌ನಾಗೆ ಕುಂತವೆ. ಅವ್ನು ನಿನ್ ತಾವ ಎಲ್ಲ ಹೇಳ್ತಿದ್ನಂತಲ್ಲ. ಎಲ್ಲಿ ನೆಡ್ಬೇಕು ಅಂತಿದ್ದ?"

ನನಗೆ ಹೇಳಿರಲಿಲ್ಲ. ಹೇಳಿರಲಿಲ್ಲ ಎನ್ನಲು ಮನಸ್ಸಾಗದೆ, ಭಾನುವಾರ ಬರುತ್ತೇನೆ ಎಂದೆ.

ಗುಡ್ಡದ ಬುಡದ ಆ ಹೊಲವನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಒಂದು ಕಡೆ ಕೆಂಪು ಬದು, ಇನ್ನೊಂದು ಕಡೆ ಕಾಲುವೆ, ನಡುವೆ ಕೆರೆದ ಕಪ್ಪು ನೆಲ. ಅಕ್ಕ ಅದರಲ್ಲಿ ಹುರುಳಿ ಚೆಲ್ಲಿದ್ದರು. ಆಗಲೇ ಎರಡೆಲೆ ಬಂದಿತ್ತು. "ಕೆರ್ದಿದ್ನಲ್ಲ, ಸುಮ್ಕೆ ಯಾಕೆ ಬುಡ್ಲಿ ಅಂತ ಚೆಲ್ಲಿದೆ. ಬಂದೈತೆ. ಅವ್ನು ಕೆಡ್ಸಿದ್ನೋ ಸರಿ ಮಾಡಿದ್ನೋ, ನಂಗಂತೂ ಗೊತ್ತಾಗ್ನಿಲ್ಲ" ಅಂದರು.

ಹೊಂಗೆ ಮೊದಲಿದ್ದ ಜಾಗದಲ್ಲೇ ನೆಟ್ಟರೆ ಹುರುಳಿ ತುಳಿಯಬೇಕು, ನಾಳೆ ನೆರಳಾಗಿ ರಾಗಿಯೂ ಬರುವುದಿಲ್ಲ. ಬದುವಿನ ಮೇಲೆ ನೆಟ್ಟರೆ ಅದು ಸಡಿಲ ಮಣ್ಣು, ದೊಡ್ಡ ಮಳೆ ಬಂದರೆ ಸಸಿಯ ಸಮೇತ ಕುಸಿಯಬಹುದು. ಅಥವಾ ಬೇರು ಹಿಡಿದರೆ ಆ ಬದುವನ್ನು ಅವೇ ತಡೆದು ನಿಲ್ಲಿಸಬಹುದು. ಆಪರೇಟರ್ ಇದ್ದಿದ್ದರೆ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತು ಹೇಳಿಬಿಡುತ್ತಿದ್ದರೋ ಏನೋ. ನಾನೂ ಕೂತು ನೋಡಿದೆ. ನನಗೆ ಮಣ್ಣು ಬಿಟ್ಟು ಇನ್ನೇನೂ ಕಾಣಲಿಲ್ಲ.

ಅಕ್ಕ ಬದುವಿನ ಮೇಲೆ ಗುದ್ದಲಿ ಊರಿ ನನ್ನ ಕಡೆ ನೋಡಿದರು.

"ಇಲ್ಲೇನವ್ವ?"

"ಗೊತ್ತಿಲ್ಲಮ್ಮ."

"ನಂಗೂ ಗೊತ್ತಿಲ್ಲ" ಎಂದು ಅವರು ಗುದ್ದಲಿ ಎತ್ತಿದರು.

ಸಂಜೆಯ ಹೊತ್ತಿಗೆ ಹದಿಮೂರನ್ನೂ ಬದುವಿನ ಮೇಲೆಯೇ ನೆಟ್ಟೆವು. ಎರಡು ಮಳೆಗಾಲ ಕಳೆದಿವೆ, ಒಂಬತ್ತು ಬದುಕಿವೆ. ಬೇಸಿಗೆಯ ಭಾನುವಾರಗಳಲ್ಲಿ ನಾನು ಬಸ್ಸು ಹಿಡಿದು ಹೋಗಿ ನೀರು ಹೊರುತ್ತೇನೆ. ಆಪರೇಟರು ಕೇಳಿ ಹೋದ ಮಾತಿಗೆ ಅಕ್ಕನ ಉತ್ತರ ಆ ಬದುವೇ ಆಗಿತ್ತೇ, ಅವು ಇರಬೇಕಾದ ಜಾಗದಲ್ಲೇ ಇವೆಯೇ ಎಂದು ನಮ್ಮಿಬ್ಬರಿಗೂ ಇನ್ನೂ ತಿಳಿದಿಲ್ಲ.